ಕಾನೂನು ಅಂಕಣ: ಕೈಯಲ್ಲಿರುವ ಕಾಗದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ?

ಸಹಬಾಳ್ವೆ, ಮದುವೆ, ವಿಚ್ಛೇದನದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಜೊತೆ ಒಂದೊಂದು ಕಾಗದದ ಜೆರಾಕ್ಸ್ ಇದೆ: ನೋಟರಿ ಒಪ್ಪಂದ, ನೋಂದಣಿ ಪ್ರಮಾಣಪತ್ರ, ಪಂಚರ ಬಾಂಡು, ಅಮೆರಿಕದ ಕೋರ್ಟಿನ ವಿಚ್ಛೇದನ ಡಿಕ್ರಿ. ಪ್ರಶ್ನೆಗಳನ್ನು ಚಿಕ್ಕದು ಮಾಡಿ, ಗುರುತು ಸಿಗುವ ವಿವರ ತೆಗೆದುಹಾಕಿದ್ದೇವೆ. ಇಲ್ಲಿನ ಉತ್ತರಗಳು ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಗೆ ಒಳಪಡುವವರಿಗೆ.

ಪ್ರಶ್ನೆ: ಬೆಂಗಳೂರಿನಲ್ಲಿ ಆರು ವರ್ಷ ಒಬ್ಬರ ಜೊತೆ ಒಂದೇ ಮನೆಯಲ್ಲಿದ್ದೆ. ಇಬ್ಬರಿಗೂ ಮದುವೆಯಾಗಿಲ್ಲ. ಶುರುವಿನಲ್ಲೇ ಛಾಪಾ ಕಾಗದದ ಮೇಲೆ ‘ನಾವು ಗಂಡ ಹೆಂಡತಿ ಅಲ್ಲ, ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲ’ ಎಂದು ಬರೆದು ನೋಟರಿ ಮಾಡಿಸಿದ್ದೆವು. ಹೋದ ತಿಂಗಳು ಬೀಗ ಬದಲಿಸಿ ನನ್ನನ್ನು ಹೊರಹಾಕಿದ್ದಾರೆ. ನನ್ನ ಕೆಲಸವೂ ಹೋಗಿದೆ. ಐದು ವರ್ಷ ಒಟ್ಟಿಗಿದ್ದರೆ ಮದುವೆಯಾದಂತೆಯೇ ಅನ್ನುತ್ತಾರೆ, ನಿಜವೇ?

ಇಲ್ಲ. ಐದು, ಏಳು, ಹತ್ತು ಎಂಬ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಬಹುಕಾಲ ಗಂಡ ಹೆಂಡತಿಯಂತೆ ಬಾಳಿದವರನ್ನು ಮದುವೆಯಾದವರೆಂದೇ ಕೋರ್ಟು ಊಹಿಸಬಹುದು ಎಂಬ ತತ್ವ ಇದೆ. 1978ರ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಊಹಿಸಿದ್ದು ಸುಮಾರು 50 ವರ್ಷ ಜೊತೆಗಿದ್ದ ದಂಪತಿಯ ವಿಷಯದಲ್ಲಿ. ಆದರೆ ಅದು ಊಹೆ ಮಾತ್ರ, ಎದುರು ಸಾಕ್ಷ್ಯ ಬಂದರೆ ಬಿದ್ದುಹೋಗುತ್ತದೆ. ‘ಗಂಡ ಹೆಂಡತಿ ಅಲ್ಲ’ ಎಂದು ನೀವೇ ಸಹಿ ಹಾಕಿರುವಾಗ ಆ ದಾರಿಯಲ್ಲಿ ಹೋಗಬೇಡಿ.

ನಿಮ್ಮ ದಾರಿ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಯರಿಗಷ್ಟೇ ಅಲ್ಲ, ‘ಮದುವೆಯ ಸ್ವರೂಪದ ಸಂಬಂಧ’ದಲ್ಲಿದ್ದ ಹೆಂಗಸರಿಗೂ ರಕ್ಷಣೆ ಕೊಡುತ್ತದೆ. ಅಂಥ ಸಂಬಂಧ ಯಾವುದು ಎಂಬುದಕ್ಕೆ 2010ರ ವೇಲುಸಾಮಿ ತೀರ್ಪು ನಾಲ್ಕು ಅಳತೆ ಕೊಟ್ಟಿದೆ: ಸಮಾಜದೆದುರು ದಂಪತಿಯಂತೆಯೇ ಇದ್ದಿರಬೇಕು, ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಬೇರೆ ಅಡ್ಡಿ ಇರಬಾರದು, ಸ್ವಇಚ್ಛೆಯಿಂದ ಗಣನೀಯ ಕಾಲ ಜೊತೆಗಿದ್ದಿರಬೇಕು. ಇಬ್ಬರೂ ಅವಿವಾಹಿತರಾದ್ದರಿಂದ ಮೂರನೆಯದು ನಿಮಗೆ ತೊಡಕಾಗದು. ಕೇಸು ಗೆಲ್ಲುವುದೂ ಸೋಲುವುದೂ ಸಾಮಾನ್ಯವಾಗಿ ಮೊದಲನೆಯದರ ಮೇಲೆ. ಇಬ್ಬರ ಹೆಸರಿರುವ ಬಾಡಿಗೆ ಕರಾರು, ಜಂಟಿ ಖಾತೆ, ಬಾಡಿಗೆ ಮತ್ತು ಕರೆಂಟ್ ಬಿಲ್ ಹಂಚಿಕೊಂಡ ಯುಪಿಐ ದಾಖಲೆ, ಆಸ್ಪತ್ರೆಯ ಫಾರಂನಲ್ಲಿ ‘ಪತ್ನಿ’ ಎಂದು ಬರೆದದ್ದು, ವಿಮೆಯ ನಾಮಿನಿ, ಮನೆಯವರ ಗೃಹಪ್ರವೇಶದಲ್ಲಿ ಜೊತೆಗೆ ನಿಂತ ಫೋಟೋ, ಇವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ವಾಟ್ಸಾಪ್ ಸಂದೇಶ ಹಾಜರುಪಡಿಸುವುದಾದರೆ ಬರೀ ಪ್ರಿಂಟ್ ಸಾಲದು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗಕ್ಕೆ ನೀವು, ಎರಡನೆಯದಕ್ಕೆ ತಜ್ಞರು ಸಹಿ ಹಾಕಬೇಕು, ಹ್ಯಾಶ್ ಸಂಖ್ಯೆಯನ್ನೂ (ದಾಖಲೆ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಕೇಸು ಮುಗಿಯುವವರೆಗೆ ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಬೀಗ ಬದಲಿಸಿ ಹೊರಹಾಕಿದ್ದು ಈ ಕಾಯ್ದೆಯ 3ನೇ ಕಲಮಿನ ಪ್ರಕಾರ ಆರ್ಥಿಕ ದೌರ್ಜನ್ಯ. ಹೊಡೆತದ ಗಾಯ ಇರಲೇಬೇಕೆಂದಿಲ್ಲ. ಸಂರಕ್ಷಣಾಧಿಕಾರಿಯ ಬಳಿ ಹೋಗಿ. ನಮ್ಮ ರಾಜ್ಯದಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು, ಅಂದರೆ ಸಿಡಿಪಿಒ. ಅವರು ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸುತ್ತಾರೆ. ನೇರವಾಗಿ ವಕೀಲರ ಮೂಲಕವೂ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ನೀವು ಈಗ ತಾತ್ಕಾಲಿಕವಾಗಿ ಉಳಿದುಕೊಂಡಿರುವ ಊರಿನ ಕೋರ್ಟಿಗೂ ಅಧಿಕಾರವಿದೆ. ಅರ್ಜಿಯಲ್ಲಿ ಎಲ್ಲವನ್ನೂ ಒಟ್ಟಿಗೇ ಕೇಳಿ: ಮನೆಗೆ ಮರಳಿ ಪ್ರವೇಶ, ಇಲ್ಲವಾದರೆ ಬೇರೆ ಮನೆಯ ಬಾಡಿಗೆ, ಮಾಸಿಕ ಹಣ, ಒಳಗುಳಿದ ನಿಮ್ಮ ಒಡವೆ ಮತ್ತು ಸರ್ಟಿಫಿಕೇಟುಗಳು, ಜೊತೆಗೆ 23ನೇ ಕಲಮಿನ ಮಧ್ಯಂತರ ಆದೇಶ. ಮಧ್ಯಂತರವನ್ನು ಕೇಳದೇ ಬಿಟ್ಟರೆ ವರ್ಷಗಟ್ಟಲೆ ಮುದ್ದತು ತಿರುಗುವುದೇ ಆಗುತ್ತದೆ. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. 2020ರ ರಜನೀಶ್ ತೀರ್ಪಿನ ಪ್ರಕಾರ ಜೀವನಾಂಶ ಕೇಳುವಾಗ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕು, ಹಣ ಅರ್ಜಿಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ತಡಮಾಡಿದಷ್ಟೂ ನಷ್ಟ ನಿಮಗೇ.

ಇನ್ನು ನಿಮ್ಮ ನೋಟರಿ ಕಾಗದ. ಎದುರು ವಕೀಲರು ಮೊದಲು ಹಾಜರುಪಡಿಸುವುದು ಅದನ್ನೇ. ಶಾಸನ ಕೊಟ್ಟ ರಕ್ಷಣೆಯನ್ನು ಖಾಸಗಿ ಕರಾರಿನಿಂದ ಕಿತ್ತುಕೊಳ್ಳಲಾಗದು, ಬದುಕಿದ ರೀತಿ ಆ ಸಾಲಿಗೆ ವಿರುದ್ಧವಾಗಿತ್ತು ಎಂಬುದು ನಿಮ್ಮ ಉತ್ತರವಾಗಿರಲಿ. ಇಂಥ ಕಾಗದ ಮಾಡಿಸಲು ಹೊರಟಿರುವ ಉಳಿದ ಓದುಗರು ಆ ದುಡ್ಡಿನಲ್ಲಿ ಇಬ್ಬರ ಹೆಸರಿನ ಬಾಡಿಗೆ ಕರಾರು ಮಾಡಿಕೊಳ್ಳುವುದು ಮೇಲು. ಸಹಜೀವನದ ಸಂಗಾತಿಗೆ ಉತ್ತರಾಧಿಕಾರ ಇಲ್ಲ. ಏನಾದರೂ ಕೊಡುವ ಮನಸ್ಸಿದ್ದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆಯಬೇಕು. ಹಾಗೆಯೇ, ‘ಲಿವ್-ಇನ್ ಸಂಬಂಧ ನೋಂದಾಯಿಸದಿದ್ದರೆ ಜೈಲು’ ಎಂಬ ವಾಟ್ಸಾಪ್ ಸಂದೇಶ ನೋಡಿ ಹೆದರಿ ಬರೆದವರಿಗೆ: ಆ ನಿಯಮ 2025ರ ಜನವರಿ 27ರಿಂದ ಉತ್ತರಾಖಂಡದಲ್ಲಿದೆ, ಕರ್ನಾಟಕದಲ್ಲಿಲ್ಲ. ಡೆಹ್ರಾಡೂನ್‌ನಲ್ಲಿ ನೌಕರಿ ಮಾಡುತ್ತಾ ಜೊತೆಗಿರುವ ಕನ್ನಡಿಗರಿಗೆ ಅನ್ವಯಿಸುತ್ತದೆ.

ಪ್ರಶ್ನೆ: ಅವರಿಗೆ ಮೊದಲೇ ಮದುವೆಯಾಗಿದೆ ಎಂದು ನನಗೆ ಗೊತ್ತಿತ್ತು. ಆದರೂ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡೆ. ಎಂಟು ವರ್ಷದ ಮಗನಿದ್ದಾನೆ. ಈಗ ದುಡ್ಡು ಕೊಡುವುದು ನಿಲ್ಲಿಸಿದ್ದಾರೆ. (ತುಮಕೂರು ಜಿಲ್ಲೆ)

ಮೇಲಿನ ಉತ್ತರ ನಿಮಗೆ ನೆರವಾಗದು. ಇದನ್ನು ತೀರ್ಮಾನಿಸಿದ್ದೇ ಬೆಂಗಳೂರಿನಿಂದ ಹೋದ ಒಂದು ಪ್ರಕರಣ, 2013ರ ಇಂದ್ರಾ ಶರ್ಮಾ ತೀರ್ಪು. ಪುರುಷ ವಿವಾಹಿತ ಎಂದು ತಿಳಿದೇ ಆಕೆ ಜೊತೆಗಿದ್ದರು. ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಕೊಡಿಸಿದರು, ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ರದ್ದತಿಯನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ಇದೊಂದು ಕೊರತೆ ಎಂದು ಅದೇ ಪೀಠ ಒಪ್ಪಿಕೊಂಡು, ಅದನ್ನು ತುಂಬುವ ಕೆಲಸ ಸಂಸತ್ತಿನದು ಎಂದಿತು.

ನಿಮಗೂ ಇಂದ್ರಾ ಶರ್ಮಾ ಅವರಿಗೂ ಒಂದು ವ್ಯತ್ಯಾಸವಿದೆ: ನಿಮ್ಮದು ಶಾಸ್ತ್ರೋಕ್ತ ಮದುವೆ, ಆದರೆ ಅಸಿಂಧು. ಹಿಂದೂ ವಿವಾಹ ಕಾಯ್ದೆಯ 11ನೇ ಕಲಮಿನಡಿ ಆ ಮದುವೆ ಅಸಿಂಧು ಎಂದು ಘೋಷಿಸಲು ನೀವೇ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿ, ಅದರ ಜೊತೆ 25ನೇ ಕಲಮಿನಡಿ ಶಾಶ್ವತ ಜೀವನಾಂಶ ಕೇಳಬಹುದು. ಅಸಿಂಧು ಮದುವೆಯ ಸಂಗಾತಿಯೂ ಇದನ್ನು ಕೇಳಬಹುದೆಂದು 2025ರ ಫೆಬ್ರುವರಿಯಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ, ಇಬ್ಬರ ನಡತೆಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೊದಲ ಮದುವೆ ಗೊತ್ತಿತ್ತು ಎಂಬುದನ್ನು ಮುಚ್ಚಿಡಬೇಡಿ. ಪಾಟೀಸವಾಲಿನಲ್ಲಿ ಹೊರಬಂದರೆ ಉಳಿದದ್ದೂ ಹೋಗುತ್ತದೆ.

ಮಗನ ವಿಷಯದಲ್ಲಿ ಇಷ್ಟು ಅನುಮಾನವಿಲ್ಲ. ಅದೇ ಕಾಯ್ದೆಯ 16ನೇ ಕಲಮಿನ ಪ್ರಕಾರ ಅವನು ನ್ಯಾಯಬದ್ಧ ಮಗ. ಅವನ ಪರವಾಗಿ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿಯ 125ರಲ್ಲಿ, ಇಂದೇ ಜೀವನಾಂಶ ಕೇಳಿ. ಆಸ್ತಿಯ ಬಗ್ಗೆ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದಿಷ್ಟು: ತಂದೆಯ ಸ್ವಯಾರ್ಜಿತದಲ್ಲಿ ಪಾಲುಂಟು, ಪಿತ್ರಾರ್ಜಿತದಲ್ಲಿ, ತಂದೆ ಸಾಯುವ ಮುನ್ನ ಪಾಲಾಗಿದ್ದರೆ ತಂದೆಯ ಪಾಲಿಗೆ ಎಷ್ಟು ಬರುತ್ತಿತ್ತೋ ಅಷ್ಟರಲ್ಲಿ ಮಾತ್ರ ಹಕ್ಕು. ತಂದೆ ಬದುಕಿರುವಾಗ ‘ಪಾಲು ಕೊಡಿ’ ಎಂದು ದಾವೆ ಹೂಡುವಂತಿಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರ ಭಾಗದಲ್ಲಿ ಏನೂ ಇಲ್ಲ. ಕೆಲಸ ಕೆಡುವುದು ಕೋರ್ಟಿಗಿಂತ ಮೊದಲೇ, ವಂಶವೃಕ್ಷದಲ್ಲಿ. ತಂದೆ ತೀರಿಕೊಂಡ ಮೇಲೆ ಈ ಮಗನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ, ಮುಗಿಸಿಬಿಡುತ್ತಾರೆ. ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲಾತಿಯಲ್ಲಿ ತಂದೆಯ ಹೆಸರಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ನಿಶ್ಚಿತಾರ್ಥ ಮುಗಿದೊಡನೆ ವೀಸಾಕ್ಕೆಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಗಳ ಮದುವೆ ನೋಂದಣಿ ಮಾಡಿಸಿದೆವು. ಧಾರೆ ಆರು ತಿಂಗಳ ನಂತರ ಇತ್ತು. ಅಷ್ಟರಲ್ಲಿ ಸಂಬಂಧ ಮುರಿಯಿತು. ವಿಚ್ಛೇದನ ಬೇಕೇ? (ಶಿವಮೊಗ್ಗ)

ಪ್ರಮಾಣಪತ್ರ ತೆಗೆದು ತಲೆಬರಹ ಓದಿ. ಅಲ್ಲಿ ವಿಶೇಷ ವಿವಾಹ ಕಾಯ್ದೆ, 1954 ಎಂದಿದ್ದು, 30 ದಿನದ ನೋಟಿಸಿನ ನಂತರ ಮೂವರು ಸಾಕ್ಷಿಗಳ ಮುಂದೆ ವಿವಾಹಾಧಿಕಾರಿ ಮದುವೆ ಮಾಡಿಸಿದ್ದರೆ ಅದೇ ಪೂರ್ಣ ಮದುವೆ. ಧಾರೆ ಆಗದಿದ್ದರೂ ಅದನ್ನು ಕೋರ್ಟಿನ ಮೂಲಕವೇ ಬಿಡಿಸಿಕೊಳ್ಳಬೇಕು.

ಹಿಂದೂ ವಿವಾಹ ಕಾಯ್ದೆ, 1955 ಎಂದಿದ್ದರೆ ವಿಷಯ ಬೇರೆ. ಅಲ್ಲಿ ನೋಂದಣಿ ಮದುವೆ ಮಾಡಿಸುವುದಿಲ್ಲ, ಆಗಿಹೋದ ಮದುವೆಯನ್ನು ದಾಖಲಿಸುತ್ತದೆ. ಸಪ್ತಪದಿಯೋ, ನಿಮ್ಮ ಪದ್ಧತಿಯ ಬೇರೆ ಶಾಸ್ತ್ರವೋ ನಡೆಯದೆ ಬರೀ ಪ್ರಮಾಣಪತ್ರದಿಂದ ಹಿಂದೂ ಮದುವೆ ಆಗದು ಎಂದು 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಸ್ಪಷ್ಟವಾಗಿ ಹೇಳಿತು. ಹಾಗೆಂದು ಆ ಕಾಗದ ಹರಿದು ಹಾಕಿ ಬೇರೆ ಗಂಡು ಹುಡುಕಬೇಡಿ. ಸರ್ಕಾರಿ ದಾಖಲೆಯಲ್ಲಿ ಆಕೆ ವಿವಾಹಿತೆಯಾಗಿಯೇ ಇದ್ದಾಳೆ, ಅದನ್ನು ರದ್ದು ಮಾಡುವ ಅಧಿಕಾರ ಸಬ್ ರಿಜಿಸ್ಟ್ರಾರ್‌ಗೆ ಇಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಡಿ ‘ನಮ್ಮ ನಡುವೆ ಮದುವೆಯೇ ಆಗಿಲ್ಲ’ ಎಂಬ ಘೋಷಣೆಗೆ ದಾವೆ ಹೂಡಬೇಕು. ಛತ್ರ ಬುಕ್ ಮಾಡಿದ ರಸೀದಿಯಲ್ಲಿ ಮುಂದಿನ ದಿನಾಂಕವಿರುತ್ತದಲ್ಲ, ಅದು ಒಳ್ಳೆಯ ಸಾಕ್ಷ್ಯ. ಆಹ್ವಾನ ಪತ್ರಿಕೆಯ ಕರಡು, ಪುರೋಹಿತರಿಗೆ ಕೊಟ್ಟ ಮುಂಗಡವೂ ಅಷ್ಟೇ.

ಒಂದು ಮುಜುಗರದ ಮಾತೂ ಹೇಳಬೇಕು. ನೋಂದಣಿ ಅರ್ಜಿಯಲ್ಲಿ ಮದುವೆಯ ದಿನ, ಸ್ಥಳ ಬರೆದು ಎರಡೂ ಕಡೆಯವರು ಸಹಿ ಹಾಕಿದ್ದೀರಿ. ಆಗ ಬರೆದದ್ದು ಸುಳ್ಳು ಎಂದು ಈಗ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ವಕೀಲರಿಗೆ ಇದನ್ನು ಮೊದಲ ದಿನವೇ ತಿಳಿಸಿ. ಹಾಗೆಯೇ, ‘ಸುಮ್ಮನೆ ದೇವಸ್ಥಾನದಲ್ಲಿ ಹಾರ ಬದಲಿಸಿ ತಾಳಿ ಕಟ್ಟಿಸಿದ್ದೆವು’ ಎಂಬುದಿದ್ದರೆ, ನಿಮ್ಮ ಸಮುದಾಯದ ಪದ್ಧತಿಯಲ್ಲಿ ಅಷ್ಟೇ ಮದುವೆಯಾಗಿದ್ದರೆ, ಘೋಷಣೆಯ ದಾರಿ ಮುಚ್ಚಿತು. ವಿಚ್ಛೇದನವೇ ಬೇಕು.

ಪ್ರಶ್ನೆ: ನನ್ನ ತಂಗಿಗೆ ನಾಲ್ಕು ವರ್ಷದ ಹಿಂದೆ ಊರ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಸೋಡಚೀಟಿ (ವಿಚ್ಛೇದನ ಪತ್ರ) ಆಗಿದೆ. ಎರಡೂ ಕಡೆಯವರ ಸಹಿ, ನೋಟರಿ ಸಿಕ್ಕಾ ಎಲ್ಲ ಇದೆ. ಅವನು ಆಗಲೇ ಇನ್ನೊಂದು ಮದುವೆಯಾಗಿದ್ದಾನೆ. ತಂಗಿಗೂ ಒಂದು ಸಂಬಂಧ ಬಂದಿದೆ, ಮಾಡಬಹುದೇ? (ವಿಜಯಪುರ ಜಿಲ್ಲೆ)

ಸದ್ಯಕ್ಕೆ ಮಾಡಬೇಡಿ. ಆ ಬಾಂಡಿನಿಂದ ಮದುವೆ ಮುರಿದಿಲ್ಲ. ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಜಾಗ ಬಿಟ್ಟಿದೆ, ಇದನ್ನೇ ಊರಲ್ಲಿ ‘ಕಾನೂನಿನಲ್ಲೂ ಇದೆ’ ಅನ್ನುತ್ತಾರೆ. ಆದರೆ ಆ ರೂಢಿ ತಲೆಮಾರುಗಳಿಂದ ನಿಮ್ಮ ಸಮುದಾಯದಲ್ಲಿ ತಪ್ಪದೆ ನಡೆದುಬಂದಿದೆ ಎಂದು ಅರ್ಜಿಯಲ್ಲಿ ಬರೆದು, ಹಿಂದಿನ ಉದಾಹರಣೆಗಳೊಂದಿಗೆ ಸಾಬೀತುಮಾಡಬೇಕು. 2002ರ ಯಮನಾಜಿ ಜಾಧವ್ ಪ್ರಕರಣ ನಮ್ಮ ರಾಜ್ಯದ್ದೇ. ಅಲ್ಲೂ ಇಂಥದ್ದೇ ಪತ್ರವಿತ್ತು, ರೂಢಿಯ ಬಗ್ಗೆ ಸರಿಯಾದ ವಾದವೂ ಪುರಾವೆಯೂ ಇರಲಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ನೋಟರಿಗಳು ಮದುವೆ, ವಿಚ್ಛೇದನದ ಪತ್ರ ಮಾಡಕೂಡದೆಂದು ಕೇಂದ್ರ ಕಾನೂನು ಇಲಾಖೆ 2024ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ.

ಡಿಕ್ರಿ ಇಲ್ಲದೆ ತಂಗಿ ಮದುವೆಯಾದರೆ ಆ ಮದುವೆ ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ದ್ವಿಪತ್ನಿತ್ವದ ಅಪರಾಧ ಅವಳ ಮೇಲೂ ಬರುತ್ತದೆ, 7 ವರ್ಷದವರೆಗೆ ಶಿಕ್ಷೆಯಿದೆ. ಆ ಅಪಾಯದಲ್ಲಿ ಈಗಾಗಲೇ ಇರುವವನು ಅವಳ ಗಂಡ. ಹೊಸ ಸಂಸಾರ ಉಳಿಸಿಕೊಳ್ಳಬೇಕಾದರೆ ಅವನಿಗೂ ಡಿಕ್ರಿ ಬೇಕು, ಆದ್ದರಿಂದ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿಸುವುದು ನೀವಂದುಕೊಂಡಷ್ಟು ಕಷ್ಟವಾಗಲಿಕ್ಕಿಲ್ಲ. ಅವನು ಬಾರದಿದ್ದರೆ ಎರಡು ವರ್ಷಕ್ಕೂ ಮೀರಿದ ಪರಿತ್ಯಾಗ, ಕ್ರೌರ್ಯ ಮೊದಲಾದ ಆಧಾರಗಳ ಮೇಲೆ ತಂಗಿ ಈಗಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ: ತಾಲ್ಲೂಕು ಕಾನೂನು ಸೇವಾ ಸಮಿತಿ, ಅಥವಾ 15100ಕ್ಕೆ ಫೋನ್.

ಬಾಂಡ್ ಪೇಪರನ್ನು ಮಾತ್ರ ಜೋಪಾನವಾಗಿಡಿ. ವಿಚ್ಛೇದನವಾಗಿ ಅದು ಕೆಲಸಕ್ಕೆ ಬಾರದು. ಯಾವ ದಿನದಿಂದ ಬೇರೆಯಾದರು ಎಂಬುದಕ್ಕೆ ಅದರಷ್ಟು ಒಳ್ಳೆಯ ಪುರಾವೆ ಸಿಗುವುದಿಲ್ಲ.

ಪ್ರಶ್ನೆ: ನಾವಿಬ್ಬರೂ ಒಪ್ಪಿ ಬೇರೆಯಾಗಲು ತೀರ್ಮಾನಿಸಿದ್ದೇವೆ. ಜಂಟಿ ಗೃಹಸಾಲದ ಫ್ಲಾಟ್ ಇದೆ, ಏಳು ವರ್ಷದ ಮಗಳಿದ್ದಾಳೆ. ಸಾಲದ ಕಂತಿನಿಂದಾಗಿ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದೇವೆ. ಎಷ್ಟು ದಿನ ಹಿಡಿಯುತ್ತದೆ? (ಬೆಂಗಳೂರು)

ಒಪ್ಪಿಗೆಯ ವಿಚ್ಛೇದನದ ಬಗ್ಗೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮು ಕೇಳುವುದು ಅರ್ಜಿಗೆ ಮುನ್ನ ಒಂದು ವರ್ಷ ಬೇರೆಯಾಗಿ ಬಾಳಿರಬೇಕು ಎಂದು. ಒಂದೇ ಸೂರಿನಡಿ ಇದ್ದೂ ದಾಂಪತ್ಯವಿಲ್ಲದೆ ಇದ್ದರೆ ಅದೂ ಬೇರೆ ಬಾಳಿದಂತೆಯೇ ಎಂದು 1991ರ ಸುರೇಷ್ಟಾ ದೇವಿ ತೀರ್ಪು ಹೇಳುತ್ತದೆ. ಇಬ್ಬರ ಆಧಾರ್‌ನಲ್ಲೂ ಒಂದೇ ವಿಳಾಸ ಕಂಡು ನ್ಯಾಯಾಧೀಶರು ಪ್ರಶ್ನೆ ಕೇಳುವ ಮುನ್ನವೇ, ಕಾರಣವನ್ನು ಅರ್ಜಿಯಲ್ಲೇ ಬರೆಯಿರಿ.

ಅರ್ಜಿ ಹಾಕಿದ ದಿನದಿಂದ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆ ಖಚಿತಪಡಿಸಬೇಕು. ಅರ್ಜಿಗೆ ಮುನ್ನವೇ ಒಂದೂವರೆ ವರ್ಷ ಬೇರೆ ಇದ್ದು, ಮಧ್ಯಸ್ಥಿಕೆ ವಿಫಲವಾಗಿ, ಹಣ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿದ್ದರೆ ಆ 6 ತಿಂಗಳನ್ನು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ತೀರ್ಪಿದೆ. ಮನ್ನಾ ಅರ್ಜಿಯನ್ನು ಮೊದಲ ಹಂತದ ಒಂದು ವಾರದ ನಂತರ ಹಾಕಬಹುದು. ಆರಂಭದ ಒಂದು ವರ್ಷಕ್ಕೆ ಈ ಮನ್ನಾ ಅನ್ವಯಿಸದು. ಬೆಂಗಳೂರಿನಲ್ಲಿ ಫ್ಯಾಮಿಲಿ ಕೋರ್ಟ್ ಮತ್ತು ಮಧ್ಯಸ್ಥಿಕೆ ಕೇಂದ್ರ ಎರಡೂ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲೇ ಇವೆ. ಎಂ.ಸಿ. ನಂಬರ್ (ವೈವಾಹಿಕ ಪ್ರಕರಣದ ಸಂಖ್ಯೆ) ಬಿದ್ದ ಮೇಲೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಬರೆದ ಒಪ್ಪಂದವೇ ಡಿಕ್ರಿಯ ಭಾಗವಾಗುತ್ತದೆ. ಆದ್ದರಿಂದ ಸಮಯ ವ್ಯಯಿಸಬೇಕಾದ್ದು ಆ ಒಪ್ಪಂದದ ಮೇಲೆ. ಹೆಚ್ಚಿನವರು ಅಲ್ಲೇ ಅವಸರ ಮಾಡುತ್ತಾರೆ.

ಮೊದಲು ಫ್ಲಾಟ್. ‘ಫ್ಲಾಟ್ ಹೆಂಡತಿಗೆ, ಸಾಲವನ್ನು ಅವಳೇ ಕಟ್ಟುವುದು’ ಎಂದು ಬರೆದು ನೆಮ್ಮದಿಯಾಗಿರುತ್ತಾರೆ. ಆ ಒಪ್ಪಂದಕ್ಕೆ ಬ್ಯಾಂಕು ಸಹಿ ಹಾಕಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಇಬ್ಬರೂ ಸಾಲಗಾರರೇ. ಮೂರು ಕಂತು ತಪ್ಪಿದರೆ ಗಂಡನ ಸಿಬಿಲ್ ಕೂಡ ಹಾಳು. ಒಬ್ಬರ ಆದಾಯದ ಮೇಲೆ ಸಾಲ ಮುಂದುವರಿಸಲು ಬ್ಯಾಂಕು ಒಪ್ಪುತ್ತದೆಯೇ ಎಂದು ಅರ್ಜಿಗೆ ಮುನ್ನವೇ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬೇಕು, ಇಲ್ಲವೇ ಮಾರಿ ಹಂಚಿಕೊಳ್ಳಬೇಕು. ಹಕ್ಕು ಬಿಡುಗಡೆ ಪತ್ರವನ್ನು ಡಿಕ್ರಿಗೆ ಮುನ್ನವೇ ನೋಂದಾಯಿಸಿ: ಗಂಡ ಹೆಂಡತಿಯಾಗಿರುವವರೆಗೆ ಕುಟುಂಬದೊಳಗಿನ ವರ್ಗಾವಣೆಗೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ, ಡಿಕ್ರಿಯಾದ ಮೇಲೆ ನೀವು ಕುಟುಂಬವಲ್ಲ. ಬಿಟ್ಟುಕೊಟ್ಟ ಮೇಲೆ ಎದುರಿನವರು ಕೈಕೊಟ್ಟರೆ ಎಂಬ ಭಯ ಸಹಜವೇ. ನೋಂದಣಿಯನ್ನು ಎರಡನೇ ಹಾಜರಿಯ ಹಿಂದಿನ ದಿನಗಳಿಗೆ ಇಟ್ಟುಕೊಂಡರೆ ಆ ಅಪಾಯ ಕಡಿಮೆ.

ಹಣವನ್ನು ಎರಡು ಡಿಡಿಗಳಾಗಿ ಮಾಡುವುದು ರೂಢಿ: ಒಂದು ಒಪ್ಪಂದದ ದಿನ, ಇನ್ನೊಂದು ಅಂತಿಮ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ. ಡಿಡಿಯ ಸಿಂಧುತ್ವ 3 ತಿಂಗಳು, ತುಂಬಾ ಮೊದಲೇ ಮಾಡಿಸಬೇಡಿ. ವರದಕ್ಷಿಣೆ ಕಿರುಕುಳದ ಕೇಸು ಇದ್ದರೆ ಅದನ್ನು ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಲಾಗದು. ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿನಲ್ಲೇ ರದ್ದಾಗಬೇಕು. ಒಂದಿಷ್ಟು ಹಣವನ್ನು ಆ ಹಂತಕ್ಕೆ ಉಳಿಸಿಕೊಳ್ಳುವುದು ಗಂಡನ ಕಡೆಯವರಿಗೆ ಒಳ್ಳೆಯದು.

ಮಗಳ ವಿಷಯದಲ್ಲಿ ‘ತಂದೆ ಆಗಾಗ ನೋಡಬಹುದು’ ಎಂಬ ಸಾಲು ಮುಂದೆ ಜಗಳಕ್ಕೇ ದಾರಿ. ಯಾವ ವಾರ, ಎಷ್ಟು ಗಂಟೆಗೆ, ಯಾರು ಕರೆತರುವುದು, ದಸರಾ ರಜೆ ಮತ್ತು ಬೇಸಿಗೆ ರಜೆಯಲ್ಲಿ ಯಾವ ಅರ್ಧ ಯಾರಿಗೆ, ವಿಡಿಯೊ ಕಾಲ್ ಯಾವಾಗ, ಪಾಸ್‌ಪೋರ್ಟ್ ನವೀಕರಣಕ್ಕೆ ಸಹಿ ಹಾಕುವ ಬದ್ಧತೆ, ಶಾಲಾ ಶುಲ್ಕ ಹೆಚ್ಚಿದಾಗ ಯಾರ ಪಾಲೆಷ್ಟು, ಎಲ್ಲವನ್ನೂ ಬರೆಯಿರಿ. ‘ಮಗುವಿಗೆ ಮುಂದೆ ಏನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಅದು ಮಗುವನ್ನು ಕಟ್ಟಿಹಾಕದು. ಹೆಂಡತಿ ತನ್ನ ಜೀವನಾಂಶ ಬಿಟ್ಟುಕೊಡಬಹುದು, ಮಗಳದ್ದನ್ನಲ್ಲ.

ಡಿಕ್ರಿಯಾಗುವವರೆಗೆ ಯಾರೇ ಆದರೂ ಒಪ್ಪಿಗೆ ಹಿಂಪಡೆಯಬಹುದು. ಫ್ಯಾಮಿಲಿ ಕೋರ್ಟಿನ ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲದ್ದರಿಂದ ಮರುಮದುವೆಗೆ ಕಾಯಬೇಕಿಲ್ಲ. ವಾದ ನಡೆದು ಬಂದ ಡಿಕ್ರಿಯಾದರೆ 90 ದಿನ ಕಳೆಯಲಿ, ಮೇಲ್ಮನವಿ ಬಿದ್ದಿಲ್ಲವೆಂದು ಖಚಿತವಾಗಲಿ.

ಪ್ರಶ್ನೆ: ಮೈಸೂರಿನಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೋಗಿದ್ದೆ. ನಾನು ತವರಿಗೆ ಬಂದಾಗ ಗಂಡ ಅಲ್ಲಿ ‘ಸರಿಪಡಿಸಲಾಗದಷ್ಟು ಮುರಿದ ದಾಂಪತ್ಯ’ ಎಂದು ಡಿಕ್ರಿ ಪಡೆದು ಇ-ಮೇಲ್ ಮಾಡಿದ್ದಾನೆ. ನಾನು ಹಾಜರಾಗಿರಲಿಲ್ಲ.

ಇಲ್ಲಿನ ಕಾನೂನಿನ ಪ್ರಕಾರ ನೀವು ಈಗಲೂ ಆತನ ಹೆಂಡತಿ. 1991ರ ನರಸಿಂಹ ರಾವ್ ತೀರ್ಪಿನಂತೆ, ನಿಮ್ಮ ಮದುವೆಯ ಕಾಯ್ದೆಯಲ್ಲಿಲ್ಲದ ಆಧಾರದ ಮೇಲೆ, ನಿಮ್ಮ ಒಪ್ಪಿಗೆಯಾಗಲಿ ಸ್ವಇಚ್ಛೆಯ ಹಾಜರಿಯಾಗಲಿ ಇಲ್ಲದೆ ಬಂದ ವಿದೇಶಿ ಡಿಕ್ರಿಗೆ ಮಾನ್ಯತೆಯಿಲ್ಲ. ಮುರಿದ ದಾಂಪತ್ಯ ಹಿಂದೂ ವಿವಾಹ ಕಾಯ್ದೆಯಲ್ಲಿ ಆಧಾರವೇ ಅಲ್ಲ. 2023ರ ಶಿಲ್ಪಾ ಶೈಲೇಶ್ ತೀರ್ಪಿನ ನಂತರವೂ ಆ ಕಾರಣಕ್ಕೆ ಮದುವೆ ಬಿಡಿಸುವ ವಿಶೇಷಾಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ.

ಮೈಸೂರಿನಲ್ಲೇ ಜೀವನಾಂಶ, ವಿಚ್ಛೇದನ ಎರಡನ್ನೂ ಹಾಕಬಹುದು. ಆತನ ಇ-ಮೇಲ್‌ಗೆ ‘ಸರಿ, ಒಪ್ಪಿದೆ’ ಎಂಬಂಥ ಉತ್ತರ ಕಳಿಸಬೇಡಿ; ಆ ಒಂದು ಸಾಲನ್ನೇ ಒಪ್ಪಿಗೆ ಎಂದು ವಾದಿಸುತ್ತಾರೆ. ಅಲ್ಲಿಂದ ಇನ್ನೂ ಸಮನ್ಸ್ ಬರುವ ಹಂತದಲ್ಲಿರುವ ಇತರ ಓದುಗರು ಸುಮ್ಮನಿರುವ ಬದಲು, ಅಲ್ಲಿನ ವಕೀಲರ ಮೂಲಕ ‘ಈ ಕೋರ್ಟಿಗೆ ಅಧಿಕಾರವಿಲ್ಲ’ ಎಂಬ ತಕರಾರನ್ನಷ್ಟೇ ದಾಖಲಿಸಬೇಕು. ಗುಣದೋಷದ ಮೇಲೆ ವಾದಕ್ಕಿಳಿದರೆ ಅದೇ ಶರಣಾದಂತೆ ಆಗಬಹುದು.

ನಿಮಗೂ ಬಿಡುಗಡೆಯೇ ಬೇಕೆಂದಿದ್ದರೆ ಒಪ್ಪಿಗೆಯ ಅರ್ಜಿಗೆ ಆತ ವಿಮಾನ ಹತ್ತಿ ಬರಲೇಬೇಕೆಂದಿಲ್ಲ. ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ವಿಶೇಷ ಅಧಿಕಾರ ಪತ್ರ ಕೊಟ್ಟು, ಹೇಳಿಕೆಯನ್ನು ವಿಡಿಯೊ ಕಾನ್ಫರೆನ್ಸ್‌ನಲ್ಲಿ ಕೊಡಲು ಕೋರ್ಟು ಅನುಮತಿಸಬಹುದು. ಆ ಪತ್ರ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣವಾಗಿರಬೇಕು, ಇಲ್ಲವೇ ಅಲ್ಲಿನ ನೋಟರಿಯ ನಂತರ ಅಪೋಸ್ಟಿಲ್ (ವಿದೇಶದಲ್ಲಿ ಬಳಸಲು ಅಲ್ಲಿನ ಸರ್ಕಾರ ಕೊಡುವ ದೃಢೀಕರಣ) ಆಗಿರಬೇಕು. ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಬಂದ ದಿನಾಂಕಕ್ಕೆ ಪುರಾವೆ ಕೊರಿಯರ್ ಲಕೋಟೆ, ಅದನ್ನು ಬಿಸಾಡಬೇಡಿ.